ಪಿಚ್ಚರ್ ಮುಗೀತ್ರಿ ಕಾಕಾ

ನಮ್ಮ ಕಿರುಚಿತ್ರದ ಮೊದಲ ಪ್ರದರ್ಶನ ಬೀದರಿನಲ್ಲಿ ಆಯಿತು. ನಿವೃತ್ತ ಗೂಢಚಾರನೊಬ್ಬ, ಕರೇಜ್ ಎಂಬ ಹಳೆಯ ನೆಲದಡಿ ನೀರಿನ ಸುರಂಗಕ್ಕೆ ರಾತ್ರೋರಾತ್ರಿ ಕೆಮಿಕಲ್ ನೀರು ಬಿಡುವ ಟ್ಯಾಂಕರಿನ ಬೆನ್ನು ಹತ್ತುವ ಕಥೆ. ಇದು ಅದಕ್ಕೆ ಕೈಜೋಡಿಸಿದವರ ಋಣದ ಮಾತು.

ಮೊದಲು ಕೆಮಿಸ್ಟ್ರಿ ಸರ್‌ಗೆ ಶರಣು. ನೌಬಾದಿನ ಕರೇಜ್ ಬಹಮನಿಗಳ ಕಾಲದ್ದು, 15ನೇ ಶತಮಾನದ್ದು. ನೆಲದಡಿ ಸುರಂಗ, ಅದರ ಮೇಲೆ ಸಾಲಾಗಿ ಗಾಳಿಬಾವಿಗಳು, ಇಳಿಜಾರಿನಲ್ಲಿ ತಾನೇ ಹರಿಯುವ ನೀರು. ಒಂದು ಬಾವಿಗೆ ವಿಷ ಬಿದ್ದರೆ ಕೆಳಗಿನವು ಕೆಡುತ್ತವೆ, ಮೇಲಿನವಕ್ಕೆ ತಟ್ಟುವುದಿಲ್ಲ. ನಮ್ಮ ಮುದುಕ ಬಾವಿಯಿಂದ ಬಾವಿಗೆ ಮೇಲೇರುತ್ತಾ ಕಳ್ಳರ ಜಾಗ ಹಿಡಿಯುವುದು ಈ ಲೆಕ್ಕದಿಂದಲೇ. ಅವನ ಕೈಗೆ ಟಿಡಿಎಸ್ ಮೀಟರ್ ಕೊಟ್ಟಿದ್ದನ್ನು ನೋಡಿ ಸರ್ ನಕ್ಕರು. ಅದು ಕರಗಿದ ಲವಣ ತೋರಿಸುತ್ತದೆಯೇ ಹೊರತು ಕೆಮಿಕಲ್ ನೀರಿನಲ್ಲಿರುವ ಸಾಲ್ವೆಂಟ್ (ದ್ರಾವಕ) ಹಿಡಿಯುವುದಿಲ್ಲ. ಉಸಿರಾಡುವ ಗಾಳಿ ಇದೆಯೋ ಇಲ್ಲವೋ ನೋಡಲು ಬಾವಿಗೆ ದೀಪ ಇಳಿಸುವ ಶಾಟನ್ನೂ ತೆಗೆಸಿದರು. ಸಾಲ್ವೆಂಟ್ ಹಬೆ ತುಂಬಿದ ಬಾವಿಗೆ ದೀಪ ಇಳಿಸಿದರೆ ಬಾವಿಯೇ ಭುಗಿಲೆನ್ನಬಹುದು. ಈಗ ಆ ಜಾಗದಲ್ಲಿ ಹಗ್ಗ, ಬಕೆಟ್ಟು, ಗಾಜಿನ ಬಾಟಲಿ ಇವೆ. ದೃಶ್ಯ ಮೊದಲಿಗಿಂತ ಚೆನ್ನಾಗಿದೆ.

ನಿಜವಾದ ಕರೇಜಿಗೆ ಒಂದು ಹನಿಯೂ ಸುರಿಯದಂತೆ ತಮ್ಮ ಹೊಲದಲ್ಲಿ ಪ್ಲೈವುಡ್ ಬಾವಿ ಕಟ್ಟಲು ಬಿಟ್ಟ ರೈತರಿಗೆ, ಹಾಗೂ 5,000 ಲೀಟರಿನ ಟ್ಯಾಂಕರ್ ಕೊಟ್ಟವರಿಗೆ ನಮಸ್ಕಾರ. ಜೋಳದ ಹಿಟ್ಟಿನ ಗಂಜಿಗೆ ತಿನ್ನುವ ಬಣ್ಣ ಸೇರಿಸಿ ಅದನ್ನೇ ‘ಕೆಮಿಕಲ್’ ಮಾಡಿದ್ದು. ಬಟ್ಟೆಯಲ್ಲಿ ಸೋಸದಿದ್ದರೆ ಗಂಟು ಹೋಗಿ ವಾಲ್ವಿನಲ್ಲಿ ಕೂರುತ್ತದೆ, ನೀರು ಧುಮುಕುವ ಬದಲು ತೊಟ್ಟಿಕ್ಕುತ್ತದೆ. ಬಿದ್ದದ್ದನ್ನೆಲ್ಲ ತಾಡಪತ್ರಿ ಹಾಸಿದ ಗುಂಡಿಗೆ ಇಳಿಸಿಕೊಂಡೆವು. ನಟರು ಬೀಳುವ ಜಾಗಕ್ಕೆ ಖಾಲಿ ರಟ್ಟಿನ ಡಬ್ಬಿಗಳನ್ನು ಎರಡು ಸಾಲು ಪೇರಿಸಿ, ಗಾಳಿ ಹೊರಹೋಗಲೆಂದು ಬಾಯಿಗೆ ಟೇಪ್ ಹಚ್ಚದೆ ಬಿಟ್ಟ ಕರಾಟೆ ಹುಡುಗರಿಗೂ, ವಾಯುಪಡೆ ನೆಲೆ ಇರುವ ಊರಿನಲ್ಲಿ ಡ್ರೋನ್ ಮಾತೇ ಬೇಡವೆಂದು ಬಿದಿರಿನ ಅಟ್ಟಣಿಗೆ ಏರಿದ ಕ್ಯಾಮೆರಾ ತಮ್ಮನಿಗೂ, ಪೌಡರ್ ಹಚ್ಚಿದ, ರೊಟ್ಟಿ ಕಟ್ಟಿಕೊಟ್ಟ, ಸೌಂಡು ಕೂಡಿಸಿದ ಎಲ್ಲರಿಗೂ ಶರಣು.

ಇನ್ನು ಜನರೇಟರ್ ಕಾಕಾ. ಮದುವೆ, ಜಾತ್ರೆ, ಉರುಸಿಗೆ ಜನರೇಟರ್ ಒಯ್ಯುವವರು. ಸಿನಿಮಾ ಸೆಟ್ಟಿಗೆ ಬಂದದ್ದು ಇದೇ ಮೊದಲು.

ಬಂದವರೇ ಮಾಡಿದ ಮೊದಲ ಕೆಲಸ ಅರ್ತಿಂಗ್. ಮುರುಂ ನೆಲ ಒಣಗಿದರೆ ಕರೆಂಟನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ರಾಡ್ ಹೊಡೆದು, ಸುತ್ತ ಉಪ್ಪು ಇದ್ದಿಲು ತುಂಬಿ, ಕೊಡಗಟ್ಟಲೆ ನೀರು ಹೊಯ್ದರು. ಆಮೇಲೆ ಜನರೇಟರಿನ ನ್ಯೂಟ್ರಲ್ ಅನ್ನು, ಅಂದರೆ ಕರೆಂಟು ವಾಪಸು ಬರುವ ತಂತಿಯನ್ನು, ಆ ಅರ್ತಿಗೆ ಕಟ್ಟಿದರು. ಇದನ್ನು ಬಹಳ ಜನ ಬಿಡುತ್ತಾರೆ. ಕಟ್ಟದಿದ್ದರೆ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನೇ ಬೀಳುವ ಸ್ವಿಚ್ಚು) ಹಾಕಿಯೂ ಪ್ರಯೋಜನವಿಲ್ಲ: ಸೋರಿದ ಕರೆಂಟಿಗೆ ವಾಪಸು ದಾರಿ ಇರುವುದಿಲ್ಲ, ಸ್ವಿಚ್ಚು ಬೀಳುವುದಿಲ್ಲ. ನಾವು ಅವಸರ ಮಾಡಿದರೆ, “ಮೊದಲ ಅರ್ತಿಂಗ್ ನೋಡ್ತೀನಿ, ಆಮ್ಯಾಲ ನಿಮ್ಮ ಪಿಚ್ಚರ್” ಅಂದರು.

ಟ್ಯಾಂಕರ್ ಸೀನಿನ ನಡುವೆ ಅಕಾಲದ ಮಳೆ ಹಿಡಿಯಿತು. ಆರ್‌ಸಿಸಿಬಿ ಧಪ್ ಅಂತ ಬಿತ್ತು. ಆಗ ನಮ್ಮ ಹಿರಿಯ ಕಲಾವಿದರು ಕಬ್ಬಿಣದ ರಾಡು ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದರು. ಅದು ಬೀಳದೇ ಇದ್ದಿದ್ದರೆ? ಅವರ ಮನೆಯವರಿಗೆ ಏನಂತ ಫೋನ್ ಮಾಡುತ್ತಿದ್ದೆವು? ಇದನ್ನು ಬರೆಯುವಾಗಲೂ ಕೈ ನಡುಗುತ್ತದೆ. ಯಾರಿಗೆ ಬೇಕು ಈ ಪಿಚ್ಚರ್ ಅಂತ ಆ ರಾತ್ರಿ ಅತ್ತವರೂ ನಮ್ಮಲ್ಲಿದ್ದಾರೆ.

ಕಾಕಾ ಎಲ್ಲರನ್ನೂ ನೀರಿನಿಂದ ಹೊರಗೆ ಕಳಿಸಿ, ಎಲ್ಲ ಲೈನ್ ತೆಗೆದು, ಒಂದೊಂದಾಗಿ ಏರಿಸುತ್ತಾ ಬಂದರು. ಯಾವುದನ್ನು ಏರಿಸಿದಾಗ ಸ್ವಿಚ್ಚು ಬೀಳುತ್ತದೋ ಅದೇ ಕೆಟ್ಟ ಲೈನು. ಒದ್ದೆ ಗೋಣಿಚೀಲದಡಿ ಒಂದು ಜಾಯಿಂಟ್ ಸಿಕ್ಕಿತು. ಅದನ್ನು ಕತ್ತರಿಸಿ ಹೊಸದಾಗಿ ಕಟ್ಟಿದರು. ಉಳಿದ ಜಾಯಿಂಟುಗಳನ್ನೆಲ್ಲ ಬಿದಿರುಗೂಟಕ್ಕೆ ಏರಿಸಿ ಪ್ಲಾಸ್ಟಿಕ್ ಸುತ್ತಿದರು.

ಅಷ್ಟರಲ್ಲಿ ಇಂಜಿನ್ ಉಸಿರು ಕಟ್ಟಿದ ಹಾಗೆ ಏರಿಳಿಯತೊಡಗಿತು. ಇಂಜಿನ್ ನಿಮಿಷಕ್ಕೆ 1500 ಸುತ್ತಿಗೆ ನಿಂತರೆ ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಸ್. ಅದು ಕುಸಿದರೆ ಚೋಕಿನ ಟ್ಯೂಬ್‌ಲೈಟುಗಳು ಕ್ಯಾಮೆರಾದಲ್ಲಿ ಪಟ್ಟೆಪಟ್ಟೆಯಾಗಿ ಹರಿಯುತ್ತವೆ, 50 ಹರ್ಟ್ಸಿಗೆ ಹೊಂದಿಸಿದ ನಮ್ಮ 1/50 ಸೆಕೆಂಡಿನ ಶಟರ್ ಕೆಲಸಕ್ಕೆ ಬರುವುದಿಲ್ಲ. ಡೀಸೆಲ್ಲಿಗೆ ನೀರು ಸೇರಿತ್ತು. ಕಾಕಾ ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ಸೆಪರೇಟರಿನ ತಳದ ನೀರು ಬಸಿದರು, ಫಿಲ್ಟರ್ ಬದಲಿಸಿದರು, ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ ಗುಳ್ಳೆ ನಿಲ್ಲುವ ತನಕ ಕೈಪಂಪು ಒತ್ತಿದರು. ತಲೆ ಮೇಲೆ ಒಂದು ಗೊಬ್ಬರದ ಚೀಲ, ಬಾಯಲ್ಲಿ ಟಾರ್ಚ್. ಮೀಟರಿನ ಮುಳ್ಳು 50ಕ್ಕೆ ಬಂದು ನಿಂತ ಮೇಲೂ ಅಲ್ಲಿಂದ ಏಳಲಿಲ್ಲ. ಚಾ ಒಯ್ದು ಕೊಟ್ಟರೆ ಒಂದು ಕೈಯಲ್ಲಿ ಕುಡಿದರು, ಇನ್ನೊಂದು ಕೈ ಸ್ವಿಚ್ಚಿನ ಮೇಲೇ ಇತ್ತು.

ಪ್ರದರ್ಶನಕ್ಕೆ ಬಂದವರೆಲ್ಲ ಹೊಗಳುತ್ತಿರುವ ಆ ನಾಲ್ಕು ನಿಮಿಷ, ಹಿಂದಿನಿಂದ ಬೆಳಕು ಬಿದ್ದು ಮಿಂಚುವ ಮಳೆ, ಮುದುಕ ವಾಲ್ವ್ ತಿರುವುವುದು, ಎಲ್ಲವೂ ಅದಾದ ಮೇಲೆ ತೆಗೆದದ್ದು.

ಕಾಕಾ ಇನ್ನೂ ಚಿತ್ರ ನೋಡಿಲ್ಲ. ಈಗ ಲಗ್ನದ ಸೀಜನ್ನು, ಜನರೇಟರಿಗೆ ಬಿಡುವಿಲ್ಲ. ಮತ್ತೊಂದು ಶೋ ಯಾವಾಗ ಇಡೋಣ ಅಂತ ಕೇಳಿದ್ದಕ್ಕೆ, “ಆಷಾಢದಾಗ ಇಟ್ಕೋರಿ, ಖಾಲಿ ಇರ್ತೀನಿ” ಅಂದಿದ್ದಾರೆ. ಆಷಾಢದಲ್ಲೇ ಇಡುತ್ತೇವೆ, ನೀವೂ ಬನ್ನಿ.