ತೊಗಲುಗೊಂಬೆಗೆ ಮೊದಲು ಬೇಕಾದ್ದು ಒಳ್ಳೆಯ ಉಗ್ರಾಣ

ಮಾನ್ಯರೇ,

ಮೇ 18ರ ವಸ್ತುಸಂಗ್ರಹಾಲಯ ದಿನಕ್ಕೆಂದು ಗ್ಯಾಲರಿಗಳಿಗೆ ಸುಣ್ಣಬಣ್ಣ, ಹೊಸ ದೀಪ ಬರುತ್ತವೆ. ಅದಾಗಿ ಎರಡು-ಮೂರು ವಾರಕ್ಕೆ ಮುಂಗಾರು. ಜನಪದ ಸಂಗ್ರಹಗಳು ಹಾಳಾಗುವುದು ಆಗಲೇ, ಅದೂ ಸಾರ್ವಜನಿಕರ ಕಣ್ಣಿಗೆ ಬೀಳದ ಉಗ್ರಾಣದಲ್ಲಿ. ಅನುದಾನದ ಒಂದು ಪಾಲನ್ನು ಉಗ್ರಾಣಕ್ಕೆಂದೇ ಕಡ್ಡಾಯವಾಗಿ ತೆಗೆದಿಡಬೇಕು.

ತೊಗಲುಗೊಂಬೆಯನ್ನೇ ತೆಗೆದುಕೊಳ್ಳಿ. ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳುವಾಗಿ ಕೆರೆದ ಆಡಿನ ಚರ್ಮ ಅದು. ತೇವ ಹೆಚ್ಚಿದರೆ ಸಡಿಲಾಗುತ್ತದೆ, ಒಣಗಿದರೆ ಸುರುಟಿಕೊಳ್ಳುತ್ತದೆ, ಬಣ್ಣ ಉದುರುತ್ತದೆ. ಗಾಳಿಯ ತೇವಾಂಶ ಶೇ 65 ದಾಟಿ ಕೆಲವು ದಿನ ನಿಂತರೆ ಬೂಷ್ಟು ಹಿಡಿಯುತ್ತದೆ. ಶೇ 45ರಿಂದ 55ರೊಳಗೆ, ಏರಿಳಿತವಿಲ್ಲದೆ ಇರಬೇಕು. ಕಚೇರಿ ವೇಳೆಗಷ್ಟೇ ಎಸಿ ಹಾಕಿ ಸಂಜೆ ಆರಿಸುವುದಕ್ಕಿಂತ ಹಾಕದಿರುವುದೇ ಮೇಲು.

ಚರ್ಮಕ್ಕೆ ಡರ್ಮೆಸ್ಟಿಡ್ ಎಂಬ ಚರ್ಮ ತಿನ್ನುವ ಹುಳು, ಗೊಂಬೆಯ ಬಿದಿರ ಕಡ್ಡಿಗೆ ಕುಟ್ಟೆ ಹುಳು ಹಿಡಿಯುತ್ತದೆ. ಗೊಂಬೆಯ ಕೆಳಗೆ ಹಿಟ್ಟಿನಂಥ ಪುಡಿಯೋ ಕೂದಲಿರುವ ಮರಿಹುಳುವಿನ ಪೊರೆಯೋ ಕಂಡರೆ ಆ ಗೊಂಬೆಯನ್ನು ತಕ್ಷಣ ಬೇರೆ ಮಾಡಿ. ದಯವಿಟ್ಟು ಕೀಟನಾಶಕ ಸಿಂಪಡಿಸಬೇಡಿ, ಅದು ಬಿಟ್ಟ ಕಲೆ ಮತ್ತೆ ಹೋಗುವುದಿಲ್ಲ. ಆಮ್ಲರಹಿತ ಕಾಗದದಲ್ಲಿ ಸುತ್ತಿ, ಪಾಲಿಥೀನ್ ಚೀಲದಲ್ಲಿ ಗಾಳಿ ಹಿಂಡಿ ಮುಚ್ಚಿ, ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬಾರದು. ಅವಸರಪಟ್ಟು ಬಿಚ್ಚಿದರೆ ಚೀಲದ ಹೊರಗೆ ಕೂರಬೇಕಾದ ನೀರಹನಿ ಗೊಂಬೆಯ ಮೇಲೆಯೇ ಕೂರುತ್ತದೆ. ದಪ್ಪನೆಯ ಬಣ್ಣ ಚಕ್ಕೆ ಏಳುತ್ತಿದ್ದರೆ ಈ ವಿಧಾನ ಬೇಡ, ಸಂರಕ್ಷಣಾ ತಜ್ಞರಿಗೆ ತೋರಿಸಬೇಕು.

ಹಳೆಯ ಸಂಗ್ರಹಗಳಿಗೆ ಹಿಂದೆ ಡಿಡಿಟಿ, ಆರ್ಸೆನಿಕ್ ಬಳಿಯುವ ರೂಢಿಯಿತ್ತು. ಆ ವಿಷ ಇಂದಿಗೂ ಉಳಿದಿರಬಹುದು. ಬಿಳಿ ಪುಡಿ ಕಂಡರೆ ಊದಬಾರದು, ಬರಿಗೈಯಲ್ಲಿ ಮುಟ್ಟಬಾರದು. ದಿನಗೂಲಿ ಸಿಬ್ಬಂದಿಗೂ ನೈಟ್ರೈಲ್ (ಕೃತಕ ರಬ್ಬರ್) ಕೈಗವಸು, ಮಾಸ್ಕ್ ಕೊಡಲೇಬೇಕು.

ಇವೆಲ್ಲಕ್ಕಿಂತ ದೊಡ್ಡ ನಷ್ಟ ದಾಖಲೆಯದು. ಹುಳು ತಿಂದ ತೋಳನ್ನು ಒಂದಷ್ಟು ದುರಸ್ತಿ ಮಾಡಬಹುದು. ಆದರೆ ಚೀಟಿ ಉದುರಿದ ಗೊಂಬೆ ಯಾವ ಊರಿನ, ತೊಗಲುಗೊಂಬೆ ಆಡಿಸುವ ಕಿಳ್ಳೇಕ್ಯಾತ ಸಮುದಾಯದ ಯಾವ ಮನೆತನದ್ದು, ಯಾವ ಪ್ರಸಂಗದಲ್ಲಿ ಯಾವ ಪಾತ್ರವಾಗಿ ಕುಣಿಯಿತು ಎಂದು ಹೇಳುವವರು ಯಾರು? ಸ್ಟಿಕ್ಕರ್ ಅಂಟಿಸಿದರೆ ಗೋಂದು ಹಳದಿಯಾಗಿ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಹತ್ತಿಯ ಪಟ್ಟಿಯ ಮೇಲೆ ಅಳಿಸದ ಶಾಯಿಯಲ್ಲಿ ನೋಂದಣಿ ಸಂಖ್ಯೆ ಬರೆದು ಕಡ್ಡಿಗೆ ಸಡಿಲವಾಗಿ ಕಟ್ಟಿದರೆ ಸಾಕು. ಅದೇ ಸಂಖ್ಯೆ ರಿಜಿಸ್ಟರಿನಲ್ಲೂ ಫೋಟೊದಲ್ಲೂ ಇರಬೇಕು. ರಿಜಿಸ್ಟರಿನ ಇನ್ನೊಂದು ಪ್ರತಿ ಬೇರೆ ಕಟ್ಟಡದಲ್ಲಿರಲಿ.

ಗೊಂಬೆಯಾಟದ ಹಿರಿಯ ಕಲಾವಿದರನ್ನು ಉಗ್ರಾಣಕ್ಕೇ ಕರೆಸಿ, ಗೌರವಧನ ಕೊಟ್ಟು, ಹೆಸರಿಲ್ಲದ ಗೊಂಬೆಗಳನ್ನು ಗುರುತಿಸುವ ಕೆಲಸವನ್ನು ಸಂಸ್ಕೃತಿ ಇಲಾಖೆ ಈ ವರ್ಷವೇ ಆರಂಭಿಸಲಿ. ಆಡಿಸಿ ಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆ.

– ವಸ್ತುಸಂಗ್ರಹಾಲಯ ಸಿಬ್ಬಂದಿ, ಮೈಸೂರು