ಭೂತಗನ್ನಡಿ ಕೊಟ್ಟ ಹಿರಿಯರಿಗೆ

ಹೋದ ಶನಿವಾರ ಅಮೆರಿಕದ ಆಮ್ಹರ್ಸ್ಟ್‌ನ ಎರಿಕ್ ಕಾರ್ಲ್ ಚಿತ್ರಪುಸ್ತಕ ಕಲಾ ಮ್ಯೂಸಿಯಂನಲ್ಲಿ ನಮ್ಮವ್ವನಿಗೆ ಭೂತಗನ್ನಡಿ ಕೊಟ್ಟ ಹಿರಿಯರೇ, ಹೆಸರು ಕೇಳುವಷ್ಟರಲ್ಲಿ ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಣ್ಣ ಮಾಸಬಾರದೆಂದು ಮೂಲಚಿತ್ರಗಳಿರುವ ಕೋಣೆಯಲ್ಲಿ ಬೆಳಕು ಮಂದವಾಗಿಯೇ ಇರುತ್ತದೆ. ಕಾರಣವೇನೋ ಸರಿ, ಪೊರೆ ಬಂದ ಕಣ್ಣು ಕೇಳಬೇಕಲ್ಲ! ಅವ್ವ ಬೇಸತ್ತು ಬೆಂಚಿನ ಮೇಲೆ ಕೂತಿದ್ದಳು. "ಯಾವೂರ್ರಿ ಅವ್ವಾ ನಿಮ್ದು?" ಎಂದು ಮಾತಾಡಿಸಿ, ಕೈಹಿಡಿದು ಎಬ್ಬಿಸಿ ಚಿತ್ರದ ಮುಂದೆ ನಿಲ್ಲಿಸಿದಿರಿ. ಮಕ್ಕಳ ಚಿತ್ರಪುಸ್ತಕಗಳ ಕಲಾವಿದ ಎರಿಕ್ ಕಾರ್ಲ್ ಅವರು ತೆಳು ಟಿಶ್ಯೂ ಕಾಗದಕ್ಕೆ ಮೊದಲು ಬಣ್ಣ ಬಳಿದು, ಒಣಗಿಸಿ, ಆಮೇಲೆ ಕತ್ತರಿಸಿ ಅಂಟಿಸುತ್ತಿದ್ದರು ಎಂದು ಬಿಡಿಸಿ ಹೇಳಿದಿರಿ. ಕುಂಚ ಎಳೆದ ಗೀರು, ಹಸಿರಿನ ಮೇಲೆ ಹಸಿರು ಕೂತು ಕಡುವಾದ ಎಲೆಯಂಚು ಎಲ್ಲ ಅವ್ವನಿಗೆ ಕಂಡವು. "ಕೌದಿ ಹೊಲಿದಂಗೈತಿ ನೋಡು" ಎಂದಳು. ಯಾವ ವಿಮರ್ಶಕರು ಇಷ್ಟು ಚೆನ್ನಾಗಿ ಹೇಳಿಯಾರು?

1969ರಲ್ಲಿ ಬಂದ ಅವರ ‘ದ ವೆರಿ ಹಂಗ್ರಿ ಕ್ಯಾಟರ್‌ಪಿಲ್ಲರ್’ ಎಂಬ ಹಸಿದ ಕಂಬಳಿಹುಳುವಿನ ಪುಸ್ತಕಕ್ಕೆ ಹುಳು ಕೊರೆದಂತೆ ತೂತಿರುವ ಪುಟಗಳನ್ನು ಕೈಗೆಟಕುವ ಖರ್ಚಿನಲ್ಲಿ ಮಾಡಿಕೊಡುವ ಮುದ್ರಕರು ಅಮೆರಿಕದಲ್ಲಿ ಸಿಗದೆ, ಜಪಾನಿನಲ್ಲಿ ಅಚ್ಚು ಹಾಕಿಸಿದರಂತೆ. ಅದನ್ನೂ ನಿಮ್ಮ ಬಾಯಲ್ಲೇ ಕೇಳಿದ್ದು. ನನ್ನ ಮಗಳು ನಡುವೆ ಹಾಕಿದ ಹತ್ತೆಂಟು ಪ್ರಶ್ನೆಗಳಿಗೂ ನೀವು ಬೇಸರಿಸಲಿಲ್ಲ.

ಬಹಳ ಉಪಕಾರವಾಯಿತು ಸರ್. ಅವ್ವ ಮುಂದಿನ ತಿಂಗಳು ಧಾರವಾಡಕ್ಕೆ ಹೊರಡುತ್ತಾಳೆ. ಅಷ್ಟರೊಳಗೆ ಇದು ನಿಮ್ಮ ಕಣ್ಣಿಗೆ ಬಿದ್ದರೆ ನಮ್ಮನೆಗೆ ಊಟಕ್ಕೆ ಬನ್ನಿ. ರೊಟ್ಟಿ, ಎಣ್ಣೆಗಾಯಿ ಅವ್ವನದೇ ಕೈಯಡಿಗೆ.