ವಾಟ್ಸ್ಆ್ಯಪ್ ಗುಂಪಿನ ಹಿಂದೆ ಯಾರಿದ್ದಾರೆ ಎಂದು ಹುಡುಕುವ ಮುನ್ನ

ಬೆಂಗಳೂರು ಅಭಿವೃದ್ಧಿ ಸಚಿವರಿಗೆ ನಮಸ್ಕಾರಗಳು.

ಜನ ಬೀದಿಗೆ ಬಂದಾಗಲೆಲ್ಲ 'ಇದೆಲ್ಲ ವಾಟ್ಸ್ಆ್ಯಪ್ ಗಲಾಟೆ, ಹಿಂದೆ ಯಾರೋ ಇದ್ದಾರೆ' ಎನ್ನುವ ಮಾತು ಕೇಳಿಬರುತ್ತದೆ. ಆ ಮಾತು ನೋವು ಕೊಡುತ್ತದೆ ಸರ್. ಅದಕ್ಕೇ ಈ ಪತ್ರ.

2016ರ ಅಕ್ಟೋಬರ್ 16, ಭಾನುವಾರ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಸರ್ಕಾರ ಹೊರಟಿತ್ತು. ಖರ್ಚು 1,791 ಕೋಟಿ. 812 ಮರಗಳಿಗೆ ಕೊಡಲಿ. ಆ ವಾರವಿಡೀ ನಮ್ಮ ಗುಂಪಿನಲ್ಲಿ ಒಂದೇ ಮೆಸೇಜ್: ಬೆಳಿಗ್ಗೆ ಬನ್ನಿ, ಬೋರ್ಡ್ ನೀವೇ ಬರೆದು ತನ್ನಿ, ಫುಟ್‌ಪಾತ್ ಬಿಟ್ಟು ಇಳಿಯಬೇಡಿ.

ಮಾನವ ಸರಪಳಿಯಲ್ಲಿ ನಾನು ಮೇಖ್ರಿ ಸರ್ಕಲ್ ಹತ್ತಿರ ನಿಂತಿದ್ದೆ. ಒಂದು ಕಡೆ ಕಾಲೇಜು ಹುಡುಗಿ, ಇನ್ನೊಂದು ಕಡೆ ನಿವೃತ್ತ ಮೇಷ್ಟ್ರು. ಮೇಷ್ಟ್ರ ಹತ್ತಿರ ಸ್ಮಾರ್ಟ್‌ಫೋನೇ ಇರಲಿಲ್ಲ, ಮೆಸೇಜನ್ನು ಸೊಸೆ ಓದಿ ಹೇಳಿದ್ದರಂತೆ. ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಬರೆದುಕೊಂಡು ಬಂದಿದ್ದರು: 'ಮರ ಕಡೀಬೇಡಿ ಸ್ವಾಮಿ'. ಟ್ವಿಟರ್‌ನಲ್ಲಿ ಓಡುತ್ತಿದ್ದ ಹ್ಯಾಷ್‌ಟ್ಯಾಗ್ 'ಸ್ಟೀಲ್ ಫ್ಲೈಓವರ್ ಬೇಡ'. ಕನ್ನಡ ಬಾರದವರೂ ಅಂದು ಬಾಯ್ತುಂಬ 'ಬೇಡ' ಎಂದರು. ಕೇಳಿ ಮನಸ್ಸು ತುಂಬಿ ಬಂತು.

ಮುಂದೆ ಹಸಿರು ನ್ಯಾಯಮಂಡಳಿಯ ತಡೆ ಬಂತು. 2017ರ ಮಾರ್ಚ್‌ನಲ್ಲಿ ಸರ್ಕಾರವೇ ಯೋಜನೆ ಕೈಬಿಟ್ಟಿತು.

ಎಲ್ಲಿ, ಎಷ್ಟು ಹೊತ್ತಿಗೆ ಅಂತ ಫೋನ್ ತಿಳಿಸಿತು. ಹಿಂದೆ ಕರಪತ್ರ ಮಾಡುತ್ತಿದ್ದ ಕೆಲಸ ಅದು. ಆದರೆ ರಜೆಯ ದಿನ ಮೇಷ್ಟ್ರನ್ನು ಮನೆಯಿಂದ ಹೊರಡಿಸಿದ್ದು, ಯಾರೂ ತಮ್ಮನ್ನು ಒಂದು ಮಾತೂ ಕೇಳಲಿಲ್ಲವಲ್ಲ ಎನ್ನುವ ಸಂಕಟ.

ಗುಂಪುಗಳಲ್ಲಿ ಸುಳ್ಳೂ ಹರಿದಾಡುತ್ತದೆ, ಒಪ್ಪುತ್ತೇನೆ. ಆಗಲೂ ಮರಗಳ ಲೆಕ್ಕವನ್ನು ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದರು. ಸರಿಯಾದ ಲೆಕ್ಕ ನಮ್ಮಂಥವರಿಗೆ ಸುಲಭವಾಗಿ ಸಿಕ್ಕಿದ್ದರೆ ಯಾರು ಸುಮ್ನೆ ಊಹೆ ಮಾಡುತ್ತಿದ್ದರು?

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಮಾತು. ನಮ್ಮ ಗುಂಪಿನಲ್ಲಿ ಮತ್ತೆ ಮೆಸೇಜ್‌ಗಳು ಜಾಸ್ತಿಯಾಗಿವೆ. ದಯವಿಟ್ಟು ಇಷ್ಟು ಮಾಡಿ. ಯೋಜನಾ ವರದಿ, ಹೋಗುವ ಮರಗಳ ಪಟ್ಟಿ, ಲಾಲ್‌ಬಾಗ್ ಬಳಿ ಎಷ್ಟು ಜಾಗ ಬೇಕು ಎನ್ನುವ ವಿವರ, ಎಲ್ಲವನ್ನೂ ಕನ್ನಡದಲ್ಲಿ ಒಂದೇ ಕಡೆ ಹಾಕಿಸಿ. ಆ ರಸ್ತೆ ಹಾದುಹೋಗುವ ವಾರ್ಡ್‌ಗಳಲ್ಲಿ ಭಾನುವಾರ ಸಭೆ ಕರೆದು, ನೀವೇ ಬನ್ನಿ. ಸಭೆಯ ಜಾಗ, ಹೊತ್ತು ತಿಳಿಸಿದರೆ ನಮ್ಮ ಗುಂಪಿಗೆ ನಾನೇ ಹಾಕುತ್ತೇನೆ. ಮೇಷ್ಟ್ರ ಮನೆಗೂ ಹೋಗಿ ಹೇಳಿ ಬರುತ್ತೇನೆ.

ಇಂತಿ,
ಹೆಬ್ಬಾಳದ ಒಬ್ಬ ನಿವಾಸಿ